ಆವಿಗೆ ಹಿಡಿದು ಬಿಚ್ಚಿದ ಕಾಗದ

ಮೊಮ್ಮಗಳ ಕಂಪ್ಯೂಟರ್ ತೀರಾ ನಿಧಾನವಾಗಿದೆ ಎಂದು ಮೊನ್ನೆ ಮಂಡ್ಯದಿಂದ ರಿಪೇರಿಯವಳನ್ನು ಕರೆಸಿದ್ದೆವು. ಸ್ಕ್ಯಾನ್ ಮುಗಿಸಿ ಅವಳು ಹುಬ್ಬು ಗಂಟಿಕ್ಕಿದಳು. "ಇದು ತಾನಾಗೇ ಬಂದ ವೈರಸ್ಸಲ್ಲ ಕಣಮ್ಮ. ಮಗು ಏನೇ ಟೈಪ್ ಮಾಡುದ್ರೂ ಇನ್ನೊಬ್ರ ಫೋನಿಗೆ ಓಯ್ತದೆ. ಯಾರೋ ಬೇಕಂತ್ಲೇ ಆಕವ್ರೆ." ಬಾಗಿಲಲ್ಲಿ ನಿಂತಿದ್ದ ನನ್ನ ಮಗ, ಮಗುವಿನ ಅಪ್ಪ, ತಲೆ ತಗ್ಗಿಸಿದ.

ನನಗೆ ಕೊತ್ತತ್ತಿಯ ನಮ್ಮ ತವರಿನ ಅಡುಗೆಮನೆ ಕಣ್ಣ ಮುಂದೆ ಬಂತು. ಹೆಣ್ಣುಮಕ್ಕಳಿಗೆ ಬಂದ ಕಾಗದವನ್ನು ಸೋದರತ್ತೆ ಮುದ್ದೆಯ ಎಸರಿನ ಆವಿಗೆ ಹಿಡಿಯುತ್ತಿದ್ದಳು. ಅಂಟು ಬಿಟ್ಟ ಮೇಲೆ ಅಪ್ಪ ಓದಿ, ರಾಗಿ ಅಂಬಲಿ ಸವರಿ, ಮತ್ತೆ ಮುಚ್ಚಿ ಕೊಡುತ್ತಿದ್ದರು. ಲಕೋಟೆಯ ಅಂಚಿನಲ್ಲಿ ಕಂದು ಕಲೆ ಉಳಿದಿರುತ್ತಿತ್ತು. ನಮಗೆಲ್ಲ ಗೊತ್ತಿತ್ತು, ಯಾರೂ ಕೇಳುತ್ತಿರಲಿಲ್ಲ.

ಹೈಸ್ಕೂಲು ಮುಗಿದ ಬೇಸಿಗೆಯಲ್ಲಿ ಒಂದು ಕಾಗದ ನನ್ನ ಕೈಗೆ ಬರಲೇ ಇಲ್ಲ. ಮಂಡ್ಯದ ಕಾಲೇಜಿನಲ್ಲಿ, ಹಾಸ್ಟೆಲಿನಲ್ಲಿ ನನಗೆ ಜಾಗ ಸಿಕ್ಕಿದೆ ಎಂದು ಹೆಡ್‌ಮೇಷ್ಟ್ರು ಬರೆದ ಕಾಗದ ಅದು. ಜಾಗ ಬೇರೆಯವಳಿಗೆ ಹೋದ ಮೇಲೆ ಮೇಷ್ಟ್ರೇ ದಾರಿಯಲ್ಲಿ ಸಿಕ್ಕಿ, "ಯಾಕವ್ವ ಬರ್ನಿಲ್ಲ?" ಎಂದರು. ಅತ್ತೆಯನ್ನು ಕೇಳಿದರೆ, "ನಿಮ್ಮಪ್ಪ ಒಲೆಗಾಕ್ದ, ಬುಡು. ಓದಿ ಯಾರ್ನ ಉದ್ಧಾರ ಮಾಡ್ಬೇಕಿತ್ತು?" ಎಂದು ಮುದ್ದೆ ತಿರುವಿದಳು. ಅವರಿಬ್ಬರನ್ನೂ ನಾನು ಇವತ್ತಿಗೂ ಕ್ಷಮಿಸಿಲ್ಲ.

"ಇದ್ನ ತೆಗೀಲಾಮ್ಮ?" ಎಂದಳು ರಿಪೇರಿಯವಳು.

"ಇರ್ಲಿ ಬುಡವ್ವ," ಎಂದ ಮಗ. "ನೀನೂ ಅಕ್ಕನ ಬ್ಯಾಗು ದಿನಾ ತಡಕ್ತಿರ್ನಿಲ್ವಾ?"

ಹೌದು, ಮಗಳ ಬ್ಯಾಗು ತಡಕುತ್ತಿದ್ದೆ. ರಿಪೇರಿಯವಳ ಕಡೆ ತಿರುಗಿದೆ. "ತೆಗಿಯವ್ವ, ಒಂಚೂರೂ ಉಳಿಸ್ಬ್ಯಾಡ," ಎಂದೆ ಅವಳಿಗೆ.

ಮಗಳಿಗೆ ಫೋನ್ ಮಾಡಿ ಒಂದು ಮಾತು ಹೇಳಬೇಕು. ಇನ್ನೂ ಮಾಡಿಲ್ಲ.