ದೀಪಾವಳಿಯ ಕೊಲೆಗಾರನೂ ನಮ್ಮತ್ತೆಯೂ

ನಾನು ದೊಡ್ಡಬಳ್ಳಾಪುರದಿಂದ ನಂದಗುಡಿ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ನಡುವೆ. ಮನೆಯಲ್ಲಿ ನಾನು, ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದ ನಮ್ಮ ಯಜಮಾನರು ಮತ್ತು ಅತ್ತೆ. ಅತ್ತೆಗೂ ನನಗೂ ಜಗಳವಿರಲಿಲ್ಲ. ಜಗಳವಾಡುವಷ್ಟು ಮಾತೂ ಇರಲಿಲ್ಲ. "ಹಸೂಗೆ ಹುಲ್ಲು ಹಾಕ್ದೇನಮ್ಮಿ?" "ಹ್ಞೂಂ ಅತ್ತೆ." ದಿನದ ಮಾತುಕತೆ ಅಲ್ಲಿಗೆ ಮುಗಿಯುತ್ತಿತ್ತು.

ಆ ವರ್ಷ ದೀಪಾವಳಿ ಕಳೆದ ವಾರ ಹೊಸಕೋಟೆಯ ಟೆಂಟಿಗೆ ಒಂದು ಸಿನಿಮಾ ಬಂತು. ಪೋಸ್ಟರಿನಲ್ಲಿ ಹಣತೆಗಳ ಸಾಲು, ಆರತಿ ತಟ್ಟೆ ಹಿಡಿದ ಹೆಣ್ಣು. ಅದರಲ್ಲಿ ಬರೀ ಕೊಲೆಗಳೇ ಎಂದು ಯಜಮಾನರಿಗೆ ಗೊತ್ತಿತ್ತು. ಆದರೆ ಪೋಸ್ಟರ್ ನೋಡಿದ ಅತ್ತೆ ಅದನ್ನು ದೇವರ ಚಿತ್ರವೆಂದೇ ತಿಳಿದು, "ಹಬ್ಬದ ಸಿನ್ಮಾ, ನಾನೂ ಬತ್ತೀನಿ" ಎಂದು ಹೊರಟಾಗ ಇವರು ತುಟಿ ಬಿಚ್ಚಲಿಲ್ಲ. ಪರದೆಯ ಮೇಲೆ ದೇವರು ಪ್ರತ್ಯಕ್ಷನಾದರೆ ಹೆಂಗಸರು ಕೂತಲ್ಲೇ ಆರತಿ ಬೆಳಗುತ್ತಿದ್ದ ಕಾಲ ಅದು. ಅತ್ತೆ ಸೆರಗಿನ ತುದಿಗೆ ಕರ್ಪೂರ ಗಂಟು ಹಾಕಿಕೊಂಡು ಬಸ್ಸು ಹತ್ತಿದರು.

ಟೆಂಟಿನಲ್ಲಿ ಗಂಡಸರಿಗೂ ಹೆಂಗಸರಿಗೂ ನಡುವೆ ಮೋಟು ಗೋಡೆ. ನಾವಿಬ್ಬರೂ ಈ ಕಡೆ ಮರಳಿನ ಮೇಲೆ ಕೂತೆವು, ಇವರು ಆ ಕಡೆ ಬೆಂಚಿನ ಮೇಲೆ.

ಚಿತ್ರ ಶುರುವಾಯಿತು. ಒಂದು ದೊಡ್ಡ ಮನೆ, ಹಬ್ಬಕ್ಕೆ ಬಂದ ನೆಂಟರು, ಅವರಲ್ಲಿ ಮನೆಯೊಡತಿಯ ಅಣ್ಣನಾದ ಸೋದರಮಾವ, ಜೊತೆಗೆ ಮನೆಯ ಡಾಕ್ಟರು. ನೀರು ತುಂಬುವ ಹಬ್ಬದ ಸಂಜೆ ಹಿರಿಸೊಸೆ ಬಚ್ಚಲಿಗೆ ಹೋಗಿ ಹಂಡೆಗೆ ಅರಿಸಿನ ಕುಂಕುಮ ಹಚ್ಚುತ್ತಾಳೆ. ಹಂಡೆಯ ನೀರಿನಲ್ಲಿ ಅವಳ ಮುಖದ ಪಕ್ಕ ಇನ್ನೊಂದು ನೆರಳು ಬೀಳುತ್ತದೆ. ಅಂಗಳದಲ್ಲಿ ಸರಪಟಾಕಿ ಸಿಡಿಯುತ್ತಿರುವಾಗ ಅವಳ ಕೂಗು ಯಾರಿಗೂ ಕೇಳುವುದಿಲ್ಲ. ಅತ್ತೆ ನನ್ನ ಮೊಣಕೈ ಹಿಡಿದರು. ಮದುವೆಯಾದ ಮೇಲೆ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಆಮೇಲೆ ಹಬ್ಬದ ದಿನಕ್ಕೊಂದರಂತೆ ಹೆಣ ಬಿತ್ತು.

ಆ ಸಿನಿಮಾ ಮಾಡಿದವನು ಜಾಣನೇ, ಅದನ್ನು ಒಪ್ಪಬೇಕು. ಕೊಲೆಗಾರನ ಮುಖ ತೋರಿಸದೆ ಬರೀ ಪಾದ ತೋರಿಸಿದ್ದ. ಪಟಾಕಿ ಸದ್ದು ಬಂದರೆ ಸಾಕು, ಟೆಂಟಿಗೆ ಟೆಂಟೇ ಉಸಿರು ಬಿಗಿಹಿಡಿಯುತ್ತಿತ್ತು. ಆದರೆ ಆ ಜಾಣತನವನ್ನು ಕೊನೆಯವರೆಗೂ ಕಾಪಾಡಿಕೊಳ್ಳಲು ಅವನಿಂದ ಆಗಲಿಲ್ಲ. ಮನೆಯಲ್ಲಿ ಎರಡು ಹೆಣ ಬಿದ್ದಿರುವಾಗ ನಾಯಕಿ ತೋಟದಲ್ಲಿ ಹಾಡು ಹೇಳಿಕೊಂಡು ಕುಣಿದಳು.

"ಸೂತಕ ಕಣೇ!" ಎಂದು ಅತ್ತೆ ಪರದೆಗೆ ಕೂಗಿ ಹೇಳಿದರು.

ರಕ್ತವಂತೂ ಓಕುಳಿ ನೀರಿನ ಹಾಗೆ ತೆಳ್ಳಗಿತ್ತು. ಕೊಲೆಗಾರ ಹೊಂಚು ಹಾಕಿದಾಗಲೆಲ್ಲ ಯಾರಾದರೊಬ್ಬಳು ಒಂಟಿಯಾಗಿ ಕತ್ತಲೆಗೇ ಹೋಗುತ್ತಿದ್ದಳು. "ಕರೆದಂಗೆ ಹೋಯ್ತಾಳೆ, ಮೂದೇವಿ" ಎಂದು ಅತ್ತೆ ಹಲ್ಲು ಕಡಿದರು.

ಇಂಟರ್‌ವಲ್ಲಿನಲ್ಲಿ ಗೋಡೆಯ ಮೇಲೆ ಯಜಮಾನರ ಮುಖ ಕಾಣಿಸಿತು. ಬೆವರು ಇಳಿಯುತ್ತಿತ್ತು. "ಅವ್ವಾ, ನಿಂಗೆ ಭಯ ಆಯ್ತದೆ. ಹೋಗ್ಬಿಡೋಣ್ವಾ?"

"ನಂಗ್ಯಾಕ್ಲಾ ಭಯ? ಕೊಂದೋನು ಯಾರು ಅಂತ ತಿಳಕೊಳ್ದೆ ನಾನು ಏಳಾಕಿಲ್ಲ. ನೀನು ಬೇಕಾದ್ರೆ ಹೊರಗಡೆ ಕೂತ್ಕೊ."

ಇವರು ನಿಜವಾಗಿಯೂ ಹೊರಗೆ ಹೋಗಿ ಕಡ್ಲೆಕಾಯಿಯವನ ಪಕ್ಕ ಕೂತರಂತೆ.

ಕೊನೆಗೆ ಕೊಲೆಗಾರ ಮನೆಯ ಡಾಕ್ಟರೆಂದು ಗೊತ್ತಾಯಿತು. ಅತ್ತೆ ಒಪ್ಪಲೇ ಇಲ್ಲ. ಅವರ ಲೆಕ್ಕದಲ್ಲಿ ಕೊಂದವನು ಸೋದರಮಾವ. ಬಸ್ಸಿನಲ್ಲಿ ನಾವಿಬ್ಬರೂ ಮೊದಲ ಸಲ ಜಗಳವಾಡಿದೆವು.

"ಹಬ್ಬಕ್ಕೆ ಬಂದೋನು ಒಂದು ಒಬ್ಬಟ್ಟೂ ಮುಟ್ಟಲಿಲ್ಲ. ಅಂಥೋನ್ನ ನಂಬಾದಾ?"

"ಡಾಕ್ಟ್ರೇ ತಪ್ಪು ಒಪ್ಕೊಂಡ್ರಲ್ಲ ಅತ್ತೆ."

"ಒಪ್ಕೊಂಡಿದ್ದು ಅವ್ನು. ತಪ್ಪಿದ್ದು ಸಿನ್ಮಾದೋರು."

ಮಾರನೇ ದಿನದಿಂದ ನಮ್ಮ ಜಗಲಿಯ ಮೇಲೆ ಓಣಿಯ ಹೆಂಗಸರಿಗೆ ಆ ಚಿತ್ರದ ಕಥೆ ಶುರುವಾಯಿತು. ಅತ್ತೆಯ ಕಥೆಯಲ್ಲಿ ಹಾಡುಗಳಿರಲಿಲ್ಲ, ರಕ್ತ ಗಟ್ಟಿಯಾಗಿತ್ತು, ಕೊಂದವನು ಸೋದರಮಾವ. ತಂಗಿಯ ಪಾಲಿನ ಜಮೀನು ಹೊಡೆಯಲು ಹಾಗೆ ಮಾಡಿದ. ನಿಜ ಹೇಳಬೇಕೆಂದರೆ ಟೆಂಟಿನಲ್ಲಿ ನೋಡಿದ್ದಕ್ಕಿಂತ ಇದೇ ಚೆನ್ನಾಗಿತ್ತು. ಬಾಗಿಲ ಸಂದಿಯಲ್ಲಿ ನಿಂತು ನಾನೂ ಕೇಳುತ್ತಿದ್ದೆ.

ಸುಗ್ಗಿ ಮುಗಿದ ಮೇಲೆ ಅದೇ ಚಿತ್ರ ನಂದಗುಡಿಗೇ ಬಂತು. ಓಣಿಯ ಹೆಂಗಸರೆಲ್ಲ ಹೋದರು, ನಮ್ಮನ್ನೂ ಎಳೆದುಕೊಂಡು. ಡಾಕ್ಟರ ಮುಖದಿಂದ ಮುಸುಕು ಜಾರಿದ್ದೇ ತಡ, ನಮ್ಮ ಕಡೆ ಗದ್ದಲವೆದ್ದಿತು. ಟೆಂಟಿನ ಮಾಲೀಕರು ಓಡಿಬಂದರು.

"ಏನ್ರವ್ವಾ ಗಲಾಟೆ?"

"ಹೊಸಕೋಟೆಲಿ ಮಾವ ಕೊಲೆ ಮಾಡೋ ರೀಲು ತೋರ್ಸಿ ನಮ್ಗೆ ಇದನ್ನ ಹಾಕ್ತೀರಾ? ನಮ್ ದುಡ್ಡು ದುಡ್ಡಲ್ವಾ?" ಎಂದಳು ಓಣಿಯ ಹೆಂಗಸರಲ್ಲೊಬ್ಬಳು.

ಮಾಲೀಕರು ತಾಯಾಣೆ ಇಟ್ಟರು, ರೀಲು ಇದೊಂದೇ ಎಂದರು. ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅತ್ತೆ, "ನಾನೇನು ಓದ್ದೋಳಾ? ನಮ್ಮ ಸೊಸೆ ಎಸ್ಸೆಸ್ಸೆಲ್ಸಿ. ಅವಳನ್ನೇ ಕೇಳಿ" ಎಂದುಬಿಟ್ಟರು.

ಅಷ್ಟೂ ಮುಖಗಳು ನನ್ನತ್ತ ತಿರುಗಿದವು. ಅತ್ತೆ ಮಾತ್ರ ನೆಲ ನೋಡುತ್ತಿದ್ದರು.

"ಹೂಂ," ಎಂದೆ. "ಹೊಸಕೋಟೆಲಿ ಮಾವನೇ ಕೊಂದಿದ್ದು."

ಮಾಲೀಕರು ಬೇರೆ ದಾರಿ ಕಾಣದೆ, ಮುಂದಿನ ಸಿನಿಮಾಕ್ಕೆ ಹೆಂಗಸರಿಗೆ ಬಿಟ್ಟಿ ಪ್ರವೇಶ ಎಂದು ಒಪ್ಪಿಕೊಂಡರು.

ಮನೆಗೆ ನಡೆಯುವಾಗ ಅತ್ತೆ ಉಳಿದವರನ್ನೆಲ್ಲ ಮುಂದೆ ಕಳಿಸಿ ನನ್ನ ಜೊತೆ ಹಿಂದೆ ಉಳಿದರು. ಬೈಯುತ್ತಾರೋ ಹೊಗಳುತ್ತಾರೋ ತಿಳಿಯಲಿಲ್ಲ.

"ಅಮ್ಮಿ," ಎಂದರು, ದನಿ ತಗ್ಗಿಸಿ. "ಆ ಡಾಕ್ಟ್ರು ಅಷ್ಟು ಜನರನ್ನ ಯಾಕ್ ಕೊಂದ? ಎರಡು ಸಲ ನೋಡಿದ್ರೂ ನಂಗೆ ತಿಳೀಲಿಲ್ಲ."

ಹೇಳಲು ಹೋದೆ. ನನಗೂ ತಿಳಿದಿರಲಿಲ್ಲ. ಇಬ್ಬರೂ ರಸ್ತೆಯ ಮಧ್ಯೆ ನಿಂತು ನಕ್ಕೆವು, ಆಮೇಲೆ ಊರು ಸೇರುವವರೆಗೂ ಅದನ್ನೇ ಮಾತಾಡಿದೆವು.