ಎರಡೂ ಎಡತೋಳು

ಹೊಲಿಗೆ ಅಂಗಡಿಗೆ ಬಂದು ಮೂರು ವರ್ಷವಾಗಿದ್ದರೂ ಅವಳನ್ನು ಅಲ್ಲಿ ಯಾರೂ ಟೈಲರಮ್ಮ ಎನ್ನುತ್ತಿರಲಿಲ್ಲ. ತಪ್ಪಾಯ್ತಮ್ಮ ಎನ್ನುತ್ತಿದ್ದರು. ಅದು ಅವಳು ಓದಿದ ಶಾಲೆಯ ಕೊಡುಗೆ.

ಆ ಶಾಲೆಗೆ ಇದ್ದದ್ದು ನಾಲ್ಕೇ ಕೋಣೆ, ಒಂದೇ ಹಟ. ಸಂಜೆ ಮನೆಗೆ ಬಿಡುವ ಮುಂಚೆ ಐದು ನಿಮಿಷ ಮಕ್ಕಳು ಒಬ್ಬೊಬ್ಬರಾಗಿ ಎದ್ದು, ಅವತ್ತು ಮಾಡಿದ ತಪ್ಪನ್ನು ತಾವೇ ಹೇಳಬೇಕು. ಅದನ್ನು ಹೇಗೆ ಸರಿಮಾಡುತ್ತೇವೆ ಎಂಬುದನ್ನೂ ಹೇಳಬೇಕು. ಹೊಡೆತವಿಲ್ಲ, ಬೈಗುಳವಿಲ್ಲ. ಪಕ್ಕದವರ ತಪ್ಪು ಹೇಳುವಂತೆಯೂ ಇಲ್ಲ. ದೊಡ್ಡ ಟೀಚರೇ ಮೊದಲು ಏಳುತ್ತಿದ್ದರು: ಭಾಗಾಕಾರ ತಪ್ಪು ಹೇಳಿಕೊಟ್ಟಿದ್ದೇನೆ, ನಾಳೆ ಬೆಳಿಗ್ಗೆ ಅಳಿಸಿ ಮತ್ತೆ ಮಾಡೋಣ. ಇವಳಿಗೆ ಆ ಐದು ನಿಮಿಷ ಎಷ್ಟು ಹಿಡಿಸಿತೆಂದರೆ, ತಪ್ಪೇ ಸಿಕ್ಕದ ದಿನ ಬರಿಗೈಯಲ್ಲಿ ಏಳುವುದು ಹೇಗೆಂದು ಪಕ್ಕದವಳ ಪೆನ್ಸಿಲ್ ಮುರಿದು ಎದ್ದದ್ದೂ ಉಂಟು.

ಬೆಳೆದ ಮೇಲೂ ಚಟ ಬಿಡಲಿಲ್ಲ. ಮದುವೆಗೆ ಮೊದಲು ಮಾತಾಡಿಸಲು ಬಂದ ಹುಡುಗ ನಿಮ್ಮ ದನಿ ಇಂಪಾಗಿದೆ ಎಂದದ್ದೇ ತಡ, ನಿದ್ದೆಯಲ್ಲಿ ಗೊರಕೆ ಹೊಡೆಯುತ್ತೇನೆ, ಎಡಮಗ್ಗುಲಿಗೆ ಹೊರಳಿಸಿದರೆ ನಿಲ್ಲುತ್ತದೆ ಎಂದುಬಿಟ್ಟಳು. ಹುಡುಗ ಅಲ್ಲೇ ಒಪ್ಪಿದ. ಇವತ್ತಿಗೂ ಹೊರಳಿಸುತ್ತಲೇ ಇದ್ದಾನೆ.

ಅಂಗಡಿಯ ಮಾಸ್ಟರ್ ಬೇರೆ ಶಾಲೆಯವರು. ಗಿರಾಕಿಯ ಕಣ್ಣಿಗೆ ಬೀಳದ ತಪ್ಪು ತಪ್ಪೇ ಅಲ್ಲ ಎಂಬುದು ಅವರ ಓದು. ಇವಳೋ, ಬೆನ್ನಿನ ಹೊಲಿಗೆ ಒಂದು ನೂಲು ವಾಲಿದೆ ಎಂದು ತಾನಾಗಿ ತೋರಿಸಿ ಇಬ್ಬರು ಗಿರಾಕಿಗಳನ್ನು ಎದುರಂಗಡಿಗೆ ಸಾಗಹಾಕಿದ್ದಳು. ಮೂರನೆಯವರು ಹೋದರೆ ಅವರ ಹಿಂದೆಯೇ ನೀನೂ ಹೊರಡು ಎಂದು ಮಾಸ್ಟರ್ ಹೇಳಿಯಾಗಿತ್ತು. ಗಂಡನಿಗೆ ವಾರಕ್ಕೆ ಮೂರೇ ದಿನ ಕೆಲಸ. ಮನೆಯಲ್ಲಿ ಒಲೆ ಉರಿಯುತ್ತಿದ್ದದ್ದು ಇವಳ ಕತ್ತರಿಯಿಂದ.

ಹೀಗಿರುವಾಗ ಗಡಿಯಾರ ರಿಪೇರಿಯ ಹಿರಿಯರು ಕೋಟಿನ ಬಟ್ಟೆ ಕೊಟ್ಟುಹೋದರು. ಅದರ ಮೇಲ್ಮುಖ ಸಣ್ಣಗೆ ಮಿರುಗುತ್ತಿತ್ತು, ಒಳಮುಖ ಮಂಕು. ಬಟ್ಟೆಯನ್ನು ಮಡಿಸಿ ಕತ್ತರಿಸಿದರೆ ಎಡತೋಳು, ಬಲತೋಳು ತಾವಾಗಿ ಜೋಡಿ ಬರುತ್ತವೆ. ಬಟ್ಟೆ ಸಾಲದೆಂದು ಅವಳು ಒಂದೊಂದಾಗಿ ಕತ್ತರಿಸಿದಳು. ಮೊದಲನೆಯದು ಮುಗಿಯುವಾಗ ಗಂಡನ ಫೋನ್: ಮಗಳು ಮೂಗಿಗೆ ಗುಂಡಿ ತುರುಕಿಕೊಂಡಿದ್ದಾಳೆ. ಹತ್ತು ನಿಮಿಷ ಬಿಟ್ಟು ಮತ್ತೆ ಫೋನ್: ಸೀನಿದಳು, ಹಾರಿ ಬಂತು. ಆ ಎರಡು ಫೋನುಗಳ ನಡುವೆ, ತೋಳಿನ ಕಾಗದದ ಅಳತೆಯನ್ನು ಮಗುಚಿ ಇಡಲು ಮರೆತು, ಎರಡನೆಯದನ್ನೂ ಕತ್ತರಿಸಿದಳು. ಎರಡೂ ಎಡಗೈಯವು.

ಮಾಸ್ಟರ್ ಅದನ್ನು ನೋಡಿ, ಇಷ್ಟೇ ತಾನೇ, ಒಂದನ್ನು ಒಳಹೊರಗು ಮಾಡಿ ಹೊಲಿ, ಬಲತೋಳಾಗುತ್ತದೆ ಎಂದರು. ಸ್ವಲ್ಪ ಮಂಕಾದರೆ ಯಾರು ಬಿಸಿಲಿಗೆ ಹಿಡಿದು ನೋಡುತ್ತಾರೆ?

"ನಾನು ನೋಡ್ತೀನಲ್ಲ, ಮಾಸ್ಟರ್."

"ಕಣ್ಣು ಮುಚ್ಕೊ. ಅದಕ್ಕೂ ಮೊದಲು ಬಾಯಿ ಮುಚ್ಕೊ."

ಅವಳು ಊಟ ಬಿಟ್ಟು ಮೂರು ಅಂಗಡಿ ಸುತ್ತಿದಳು. ಆ ಬಟ್ಟೆ ಎಲ್ಲೂ ಇರಲಿಲ್ಲ. ಅದಕ್ಕೆ ಒಪ್ಪುವ ಕಡುನೀಲಿ ತುಂಡೊಂದು ಸಿಕ್ಕಿತು. ನಾಲ್ಕು ಗಂಟೆಗೆ ಹಿರಿಯರು ಬಂದರು. ಅವಳು ಕುರ್ಚಿ ಒರೆಸಿದಳು, ನೀರು ಕೊಟ್ಟಳು, ಸೆಕೆಯ ಬಗ್ಗೆ ಮಾತಾಡಿದಳು. ಮಗಳ ಮುಖ, ಖಾಲಿ ಡಬ್ಬಿಗಳು ಎಲ್ಲ ಕಣ್ಣಮುಂದೆ ಬಂದುಹೋದವು. ನಾಲಿಗೆ ಮಾತ್ರ ಕೇಳಲಿಲ್ಲ.

"ಯಜಮಾನ್ರೇ, ನಿಮ್ಮ ಕೋಟಿಗೆ ಎರಡೂ ಎಡತೋಳು ಕತ್ತರಿಸಿಬಿಟ್ಟಿದ್ದೀನಿ. ಎರಡು ತೋಳಿಗೂ ಕಾಲರಿಗೂ ಈ ನೀಲಿ ಹಾಕ್ಲಾ, ನೋಡಿ. ಬೇಡ ಅಂದ್ರೆ ನಾನೇ ಬೇರೆ ಬಟ್ಟೆ ತಂದು ಹೊಲಿದುಕೊಡ್ತೀನಿ."

ಪರದೆಯ ಹಿಂದೆ ಮಾಸ್ಟರರ ಮಷೀನು ನಿಂತಿತು.

ಹಿರಿಯರು ನೀಲಿ ತುಂಡನ್ನು ಮುಟ್ಟಲಿಲ್ಲ. ಒಂದು ತೋಳನ್ನು ಒಳಹೊರಗು ಮಾಡಿದರೆ ಆಗದೇ ಎಂದು ಕೇಳಿದರು. ಆಗುತ್ತದೆ, ಆದರೆ ಒಂದು ಮಿರುಗಿ ಒಂದು ಮಂಕಾಗಿರುತ್ತದೆ ಎಂದಳು. ಅವರು ಮೆಲ್ಲಗೆ ಎದ್ದು ಕಿಟಕಿಯ ಬಳಿ ಹೋಗಿ, ತೊಟ್ಟಿದ್ದ ಹಳೆಯ ಕೋಟಿನ ಎರಡೂ ಕೈಗಳನ್ನು ಬಿಸಿಲಿಗೆ ಚಾಚಿದರು. ಎಡಗೈ ಮಿರುಗಿತು. ಬಲಗೈ ಬೂದಿಯಂತೆ ಮಂಕು.

"ಏಳು ವರ್ಷದ ಹಿಂದೆ ಇಲ್ಲೇ ಹೊಲಿಸಿದ್ದು. ಒಂದು ಕೈ ಮಂಕಾಗಿ ಕಾಣುತ್ತೆ, ನನ್ನ ಕಣ್ಣಿಗೇ ಪೊರೆ ಬಂತು ಅಂದ್ಕೊಂಡೆ. ಕಣ್ಣಿನ ಡಾಕ್ಟರು ಏನಿಲ್ಲ ಅಂದ್ರೆ ಡಾಕ್ಟರನ್ನೇ ಬದಲಾಯಿಸಿದೆ. ಕೈಗಡಿಯಾರ ಬಿಚ್ಚಿ ರಿಪೇರಿ ಮಾಡೋದೇ ಬಿಟ್ಟೆ, ತಾಯಿ. ಏಳು ವರ್ಷ ಬರೀ ಗೋಡೆ ಗಡಿಯಾರ."

ಆ ತೋಳು ಯಾರ ಕತ್ತರಿಯದೆಂದು ಅವಳಿಗೆ ನೋಡಿದೊಡನೆ ತಿಳಿಯಿತು. ಆದರೆ ಅದು ಅವಳ ತಪ್ಪಲ್ಲ. ಹೇಳುವ ಹಕ್ಕೂ ಅವಳದಲ್ಲ. ಮಾಸ್ಟರ್ ಮೂರು ವರ್ಷದಿಂದ ಹೇಳುತ್ತಿದ್ದ ಹಾಗೆ ಅವಳು ಮೊದಲ ಸಲ ಬಾಯಿ ಮುಚ್ಚಿಕೊಂಡಳು. ಅದೇ ಮಾಸ್ಟರಿಗೆ ತಡೆಯಲಾಗಲಿಲ್ಲ. ಪರದೆ ಅಲುಗಿತು, ಮೂರು ಸಲ ಕೆಮ್ಮು ಕೇಳಿತು, ಆಮೇಲೆ ಮಾಸ್ಟರ್ ಹೊರಗೆ ಬಂದು ನೆಲ ನೋಡುತ್ತ ಹೇಳಿದರು.

"ಅದನ್ನ ಕತ್ತರಿಸಿದ್ದು ನಾನು."

ಹಿರಿಯರು ಏಳು ವರ್ಷದ ಬೈಗುಳವನ್ನು ಅರ್ಧ ಗಂಟೆಯಲ್ಲಿ ತೀರಿಸಿದರು. ತೀರಿದ ಮೇಲೆ ನೀಲಿ ತುಂಡನ್ನು ತೋಳಿಗೆ ಹಿಡಿದು ನೋಡಿ, ಚೆನ್ನಾಗಿದೆ, ಹಾಕಮ್ಮ ಎಂದರು. ಹಳೆಯ ಕೋಟನ್ನೂ ಬಿಚ್ಚಿ ಮೇಜಿನ ಮೇಲಿಟ್ಟು, ಇದಕ್ಕೂ ಅದೇ ತೋಳು ಇರಲಿ ಎಂದು ಹೊರಟರು. ಬಾಗಿಲಲ್ಲಿ ನಿಂತು ತಮ್ಮ ಕೈಗಡಿಯಾರವನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಎರಡು ಸಲ ನೋಡಿಕೊಂಡರು.

ಮಾಸ್ಟರ್ ಕುಸಿದು ಕುಳಿತು ಕತ್ತು ಒರೆಸಿಕೊಂಡರು. ಅವಳು ತನ್ನ ಲೆಕ್ಕ ಇವತ್ತಿಗೆ ಮುಗಿಯಿತೇನೋ ಎಂದು ಬುತ್ತಿಯ ಚೀಲ ಕೈಗೆತ್ತಿಕೊಂಡಳು.

"ಅದನ್ನ ಇಡು," ಎಂದರು ಮಾಸ್ಟರ್. "ನಾಳೆಯಿಂದ ಮುಂದಿನ ಮೇಜಲ್ಲಿ ನೀನೇ ಕೂತ್ಕೊ. ಗಿರಾಕಿಗಳ ಹತ್ರ ನೀನೇ ಮಾತಾಡು. ನಿಂಗಾದ್ರೆ ಚಿಕ್ಕಂದಿನಿಂದ ಅಭ್ಯಾಸ. ನಂಗೆ ನೋಡು, ಒಂದೇ ಒಂದು ಹೇಳೋಕೆ ಏಳು ವರ್ಷ ಬೇಕಾಯ್ತು."