ಮೊಂಜಿಯಾಳ ಅಳತೆ ಹಗ್ಗ

ಕೆರ್ಕೆನ್ನಾ ದ್ವೀಪದಲ್ಲಿ ಕಡಲಿಗೂ ಹಕ್ಕುಪತ್ರವಿದೆ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮೊಂಜಿಯಾಳಿಗೆ ಬಂದದ್ದು ಸೊಂಟ ಮುಟ್ಟದ ನೀರಿನ ಒಂದು ತುಂಡು. ಅಲ್ಲಿ ಖರ್ಜೂರದ ಗರಿಗಳನ್ನು ಸಾಲಾಗಿ ನೆಟ್ಟು, ಮೀನನ್ನು ಬಲೆಗೂಡಿನತ್ತ ತಿರುಗಿಸುವುದು ಅವರ ಮನೆತನದ ಕಸುಬು. ಗಂಡಸರ ಕೆಲಸವಂತೆ! ಅಪ್ಪ ಸತ್ತ ವರ್ಷ ಹಾಗೆಂದು ಬುದ್ಧಿ ಹೇಳಲು ಬಂದ ನೆಂಟರ ಕಣ್ಣೆದುರೇ ಅವಳು ಲಂಗ ಎತ್ತಿ ಕಟ್ಟಿ ನೀರಿಗಿಳಿದಿದ್ದಳು. ಅದಾಗಿ ಮೂವತ್ತೊಂದು ವರ್ಷ.

ಪ್ರತಿ ಸೆಪ್ಟೆಂಬರಿನಲ್ಲಿ, ಗರಿ ನೆಡುವ ಮುನ್ನ, ಅಳತೆಯ ದಿನ. ಉಬ್ಬರ ತುಂಬಿದ ಹೊತ್ತಿಗೆ ಹಕ್ಕುಪತ್ರದಲ್ಲಿ ಗುರುತಿಸಿದ, ಕಡಲೊಳಗಿನ ಮೊದಲ ಗೂಟದಿಂದ ದಡದವರೆಗೆ ಹಗ್ಗ ಎಳೆಯಬೇಕು. ಗೂಟ ಕದಲುವಂತಿಲ್ಲ; ದಡ ಮಾತ್ರ ಹಿಂದೆ ಸರಿಯುತ್ತ ಹೋಯಿತು. ಹಗ್ಗ ಸಾಲದೆ ಬಂದಾಗಲೆಲ್ಲ ಮೊಂಜಿಯಾ ಹೊಸ ತುಂಡು ಹೊಸೆದು ಗಂಟು ಹಾಕುತ್ತಿದ್ದಳು. ಕರಾವಳಿ ಇಲಾಖೆಯ ಕಾವಲುಗಾರ ಆ ಗಂಟಿಗೆ ಸೀಸದ ಮುದ್ರೆ ಒತ್ತಿ, ಚಹಾ ಕುಡಿದು ಹೋಗುತ್ತಿದ್ದ. ಹೀಗೆ ಹದಿನೇಳು ಗಂಟುಗಳಾದವು. ಅಷ್ಟರಲ್ಲಿ ದಡದಲ್ಲಿ ಗರಿ ಕೊಡುತ್ತಿದ್ದ ಅವಳ ಖರ್ಜೂರದ ತೋಟ ಅರ್ಧ ಉಪ್ಪುನೀರಿನ ಪಾಲಾಗಿತ್ತು. ಉಳಿದರ್ಧವೂ ಹೋದರೆ ಗರಿಯಿಲ್ಲ, ಮೀನಿಲ್ಲ, ಕಸುಬೇ ಇಲ್ಲ.

ಕಡಲು ಏರುತ್ತದೆಂದು ಇಲಾಖೆಯೇ ವರದಿ ಬರೆಸಿ, ಊರಿಗೆಲ್ಲ ತಡೆಗೋಡೆಯ ನಕ್ಷೆ ಮಾಡಿಸಿ, ಹನ್ನೊಂದು ವರ್ಷ ಕಪಾಟಿನಲ್ಲಿ ಮಲಗಿಸಿತ್ತು. ಆ ಗೋಡೆ ಕಟ್ಟಿಸಬೇಕೆಂದು ಅವಳು ಕಡಲಾಚೆಯ ಸ್ಫಾಕ್ಸ್ ಪಟ್ಟಣದ ನ್ಯಾಯಾಲಯದಲ್ಲಿ ಇಲಾಖೆಯ ಮೇಲೆ ದಾವೆ ಹೂಡಿದಳು. ಊರವರು ನಕ್ಕರು. ಮುಳುಗುವವರಿಗೆ ನಗಲು ಪುರುಸೊತ್ತಿದ್ದರೆ ಯಾರೇನು ಮಾಡುವುದು!

ವಿಚಾರಣೆಯ ಬೆಳಿಗ್ಗೆ ಇಲಾಖೆಯ ಅಧಿಕಾರಿ ಲುತ್ಫಿ ಎರಡು ಕಾಫಿ ಹಿಡಿದು ನ್ಯಾಯಾಲಯದ ಮೊಗಸಾಲೆಗೆ ಬಂದ.

"ದೊಡ್ಡಮ್ಮಾ, ನಿಮ್ಮ ತೋಟದ ಮುಂದೆ ಗೋಡೆ ಕಟ್ಟಿಸಿಕೊಡ್ತೀವಿ. ಈ ಕಾಗದಕ್ಕೊಂದು ರುಜು ಹಾಕಿ, ದಾವೆ ವಾಪಸ್ ತಗೊಂಬಿಡಿ."

"ಪಕ್ಕದವರ ತೋಟಕ್ಕೆ?"

"ಅವರೇನು ಕೋರ್ಟಿಗೆ ಬಂದಿಲ್ವಲ್ಲ."

"ನಾನು ಗೆದ್ರೆ ಬರ್ತಾರೆ."

"ಅದೇ ನಮ್ಮ ತಲೆನೋವು! ನಿಮಗೊಬ್ಬರಿಗೆ ಸೋತ್ರೆ ಇಡೀ ಕರಾವಳಿ ಸಾಲು ನಿಲ್ಲುತ್ತೆ. ಇಲಾಖೆ ಬಾಗಿಲು ಹಾಕ್ಬೇಕಾಗುತ್ತೆ."

"ಇಷ್ಟು ದಿನ ತೆರೆದಿಟ್ಟು ಏನು ಕಡಿದು ಕಟ್ಟೆ ಹಾಕಿದ್ರಪ್ಪಾ?"

ಕಾಫಿ ಕುಡಿದಳು, ರುಜು ಹಾಕಲಿಲ್ಲ. ಆ ಗೋಡೆಯ ಆಸೆ ಅವಳಿಗಿರಲಿಲ್ಲವೆಂದಲ್ಲ. ಆದರೆ ಒಂದು ಕಡೆ ತಡೆದ ನೀರು ಪಕ್ಕಕ್ಕೆ ನುಗ್ಗುತ್ತದೆಂದು, ಜೀವಮಾನವಿಡೀ ಕಡಲಲ್ಲಿ ಗರಿ ನೆಟ್ಟವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಒಳಗೆ ಲುತ್ಫಿ ವರಸೆ ಬದಲಿಸಿದ. ಕಡಲು ಸರಿದೇ ಇಲ್ಲ, ಮರಗಳು ಆರೈಕೆಯಿಲ್ಲದೆ ಸತ್ತವು ಎಂದ. ಮೊಂಜಿಯಾ ಚೀಲದಿಂದ ಹಗ್ಗ ತೆಗೆದಳು.

"ಕೋರ್ಟಲ್ಲಿ ಬಟ್ಟೆ ಒಣಗಿಸ್ತೀರಾ?" ಎಂದು ಲುತ್ಫಿ ಕಿಸಕ್ಕನೆ ನಕ್ಕ.

"ಗಂಟಿನ ಮೇಲಿನ ಮುದ್ರೆ ಯಾರದ್ದು ಅಂತ ಓದಪ್ಪಾ."

ಅವನು ಓದಲಿಲ್ಲ. ನ್ಯಾಯಾಧೀಶೆಯೇ ಎದ್ದು ಬಂದು, ಒಂದೊಂದೇ ಗಂಟು ತಿರುಗಿಸಿ ನೋಡಿದರು. ಹದಿನೇಳೂ ಇಲಾಖೆಯವೇ, ಇಸವಿ ಸಮೇತ. ಈ ಸಲದ ಅಳತೆಯಲ್ಲಿ ಲುತ್ಫಿಯೇ ಹಗ್ಗದ ತುದಿ ಹಿಡಿಯಬೇಕು, ತೀರ್ಪು ಆಮೇಲೆ ಎಂದು ಆದೇಶಿಸಿದರು.

ಅಳತೆಯ ದಿನ, ಹಿಂದೆ ನಕ್ಕವರೂ ಸೇರಿ ಊರಿಗೆ ಊರೇ ದಡದಲ್ಲಿತ್ತು. ಲುತ್ಫಿ ಪ್ಯಾಂಟು ಮಡಚಿಕೊಂಡು, ತುದಿ ಹಿಡಿದು, ಗೂಟದಿಂದ ದಡದ ಕಡೆ ನಡೆದ. ಹಗ್ಗ ಬಿಗಿಯಾಯಿತು. ಅವನ ಪಾದಗಳು ಇನ್ನೂ ನೀರಿನಲ್ಲೇ ಇದ್ದವು.

"ಸಾಲ್ತಿಲ್ಲ," ಎಂದ ಮೆಲ್ಲಗೆ.

"ಜೋರಾಗಿ ಹೇಳಪ್ಪಾ, ಕೋರ್ಟಿನ ಗುಮಾಸ್ತರು ಬರ್ಕೋಬೇಕು."

"ಹಗ್ಗ ಸಾಲ್ತಿಲ್ಲ, ದೊಡ್ಡಮ್ಮಾ!"

ಮೊಂಜಿಯಾ ಹೆಗಲ ಮೇಲಿದ್ದ ಹೊಸ ತುಂಡನ್ನು ತೆಗೆದು, ಹದಿನೆಂಟನೆಯ ಗಂಟು ಹಾಕಿ, ಅವನ ಮುಂದೆ ಹಿಡಿದಳು.

"ಮುದ್ರೆ ತಂದಿದೀಯ ತಾನೇ? ಒತ್ತು."